ಬೆಕ್ಕು ಸಾಲದು, ನಾಯಿ ಬೇಕು

ಮಾರ್ಚ್ ೩, ಬೆಳಿಗ್ಗೆ

ಟೀ ಕುಡಿದು, ವೀಡಿಯೋ ಕಾಪಿ ಮಾಡುವ ಪ್ರೋಗ್ರಾಂ ತೆರೆದೆ. ನಿನ್ನೆಯದೇ ತಕರಾರು. ಹಳೆ ವೀಡಿಯೋ ಉಳಿಸಿಕೊಡುವುದು ನಮ್ಮ ಅಂಗಡಿಯ ಕೆಲಸ. ಚಿಕ್ಕವು ಪೂರ್ತಿ ಬರುತ್ತವೆ, ಉದ್ದನೆಯವು ನಡುವೆಯೇ ನಿಂತುಬಿಡುತ್ತವೆ. ಪರದೆ ಮಾತ್ರ ‘ಕಾಪಿ ಆಯಿತು’ ಎನ್ನುತ್ತದೆ. ಹಸಿ ಸುಳ್ಳು.

ಸಂಜೆ

ಸಿಕ್ಕಿತು! ವೀಡಿಯೋವನ್ನು ಮೆಮರಿಯಲ್ಲಿ ಎತ್ತಿಡುವ ಫಂಕ್ಷನ್‌ಗೆ ಸೈಜ್ ಹೇಳುವ ವೇರಿಯೇಬಲ್, ಅಂದರೆ ಅಂಕಿ ತುಂಬಿಡುವ ಡಬ್ಬಿ, ಚಿಕ್ಕದು. ನಾಲ್ಕು ಜಿಬಿ ದಾಟಿದರೆ ಎಡತುದಿಯ ಅಂಕಿ ಉದುರುತ್ತದೆ — ಹದಿನೈದರ ಒಂದನ್ನು ಅಳಿಸಿ ಐದು ಎಂದ ಹಾಗೆ. ಐದನ್ನಷ್ಟೇ ಎತ್ತಿಟ್ಟು ಕೈ ತೊಳೆದುಕೊಳ್ಳುತ್ತದೆ. ಅಂಗಡಿಯೂ ಪ್ರೋಗ್ರಾಮೂ ಅಕ್ಕನವು. ಪರೀಕ್ಷೆಗೂ ಅವರ ಬೆಕ್ಕು ಆಕಳಿಸುವ ವೀಡಿಯೋನೇ. ಬೆಕ್ಕು ಎಷ್ಟು ಹೊತ್ತು ಆಕಳಿಸೀತು!

ಮಾರ್ಚ್ ೪

ಅಜ್ಜಿಯೊಬ್ಬರು ಬಂದರು. ನೃತ್ಯ ಕಲಿಸುತ್ತಿದ್ದವರು. ಅವರ ಕಾರ್ಯಕ್ರಮದ ಉದ್ದನೆಯ ವೀಡಿಯೋ ಇರುವ ಡಿಸ್ಕ್ ಕರಕರ ಎನ್ನುತ್ತಿದೆ. ಇನ್ನು ಒಂದೇ ಒಂದು ಸಲ ಓದಿದರೆ ಅದೇ ಹೆಚ್ಚು.

“ಮೊದಲಿಂದು ಹೋದ್ರೆ ಹೋಗ್ಲಿ ಮಗಾ. ಕೊನೇಲಿ ನಮ್ಮ ಯಜಮಾನ್ರು ವೇದಿಕೆ ಹತ್ತಿ ನನ್ ಜೊತೆ ಕುಣೀತಾರೆ. ಜನ್ಮಕ್ಕೆ ಅದೊಂದೇ ಸಲ. ತಾಳ ಬಾರದ ಮನುಷ್ಯ!”

ಆ ಮನುಷ್ಯ ಈಗಿಲ್ಲ. ಕೊನೆಯೇ ಬೇಕಂತೆ. ನಮ್ಮ ಪ್ರೋಗ್ರಾಂ ನುಂಗುವುದೂ ಅದನ್ನೇ.

ಮಾರ್ಚ್ ೫

ವೇರಿಯೇಬಲ್ ದೊಡ್ಡದು ಮಾಡಿದೆ. ಅಕ್ಕ ಬೆಕ್ಕಿನ ವೀಡಿಯೋ ಕಾಪಿ ಮಾಡಿ ನೋಡಿದರು. “ಬಂತಲ್ಲ! ಅಜ್ಜಿ ಡಿಸ್ಕ್ ಹಾಕೋಣ.” ಕೇಬಲ್ ಕೈಗೆತ್ತಿಕೊಂಡರು. ನಾನು ಕೇಬಲ್‌ನ ಇನ್ನೊಂದು ತುದಿ ಹಿಡಿದುಕೊಂಡೆ.

“ಬೇಡಕ್ಕ. ಬೆಕ್ಕು ಸಾಲದು.”

“ಅಬ್ಬಾ, ಗುಮ್ಮನಗುಸ್ಕ ಬಾಯಿ ಬಿಡ್ತು! ಮತ್ತೇನು, ಹುಲಿ ತರ್ಲಾ?”

“ನಾಯಿ.”

ಬೆಕ್ಕಿನ ವೀಡಿಯೋವನ್ನೇ ಮತ್ತೆ ಮತ್ತೆ ಸಾಲಾಗಿ ಜೋಡಿಸಿ ನಾಲ್ಕು ಜಿಬಿ ದಾಟಿಸಿದೆ. ಕಟ್ಟಕಡೆಗೆ ಪಕ್ಕದ ಮನೆ ನಾಯಿಯ ಬೊಗಳು. ಕಾಪಿಯಲ್ಲಿ ನಾಯಿ ಬೊಗಳಿದರೆ ಪೂರ್ತಿ ಬಂದಂತೆ.

ಬೊಗಳಲಿಲ್ಲ.

ಅಕ್ಕ ಕೇಬಲ್ ಕೆಳಗಿಟ್ಟರು.

ಮಾರ್ಚ್ ೮

ಹೊರಗಿನ ಬಾಗಿಲು ಅಗಲ ಮಾಡಿ ಒಳಕೋಣೆಯದನ್ನು ಮರೆತಿದ್ದೆ. ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್, ಅಲ್ಲೂ ಚಿಕ್ಕ ವೇರಿಯೇಬಲ್. ಕಂಡವರು ಅಕ್ಕನೇ.

“ಇಲ್ಲಿ ವಾರ್ನಿಂಗ್ ಬರ್ತಿತ್ತು. ಕಿರಿಕಿರಿ ಅಂತ ನಾನೇ ಬಾಯಿ ಮುಚ್ಚಿಸಿದ್ದೆ ಕಣೇ.”

ಸರಿಪಡಿಸಿದೆವು. ನಾಯಿ ಬೊಗಳಿತು! ಮೇಲಿನ ಮನೆಯವರು ಕಿಟಕಿಯಿಂದ ಬೈದರು.

ಮಾರ್ಚ್ ೧೦, ಮಧ್ಯಾಹ್ನ

ಅಜ್ಜಿ ಪಕ್ಕದಲ್ಲೇ ಕೂತಿದ್ದಾರೆ. ಡಿಸ್ಕ್ ಓದಿ ಮುಗಿಸಿ ತಣ್ಣಗಾಯಿತು — ಇನ್ನು ಏಳುವುದಿಲ್ಲ. ನನಗೆ ಭಯವಿಲ್ಲ. ನಾಯಿ ಬೊಗಳಿದೆ.

ಅಕ್ಕ ಕಾಪಿಯನ್ನು ನೇರ ಕೊನೆಯ ಭಾಗಕ್ಕೆ ಓಡಿಸಿದರು. ವೇದಿಕೆ... ಯಾರೋ ಪ್ಯಾಂಟ್ ಏರಿಸಿಕೊಳ್ಳುತ್ತಾ ಹತ್ತುತ್ತಿದ್ದಾರೆ.

“ಅವ್ರೇ! ನೋಡ್ತಿರು, ಈಗ ಎಡಗಾಲು ತಪ್ಪು ಇಡ್ತಾರೆ—”

ಇಟ್ಟರು.

ಅಜ್ಜಿ ಎದ್ದಿದ್ದಾರೆ. ನನ್ನ ಎಡಗೈ ಹಿಡಿದು ಎಳೆಯುತ್ತಿದ್ದಾರೆ. ನನಗೆ ಕುಣಿಯಲು ಬರುವುದಿಲ್ಲ ಎಂದರೂ ಬಿಡರು, ಪೆನ್ನು ಕೆಳಗಿಡಲೂ ಬಿಡ—