ಚಪ್ಪಡಿ ತೆಗೆದ ಬಾವಿ

ಚಂದಾಪುರ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ವನಜಾ,

ನಿನ್ನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಲಾಗದೆ ಲಗ್ಗೆರೆಯಲ್ಲೇ ಕೆಳಗಿನ ಮನೆಯೊಂದಕ್ಕೆ ಬಂದಿದ್ದೀರಿ ಎಂದು ದೇವರಾಜ ತನ್ನ ಅಣ್ಣನಿಗೆ ಫೋನು ಮಾಡಿದಾಗ ಹೇಳಿದನಂತೆ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ, ತಣ್ಣೀರಲ್ಲಿ ಕೂತು ಬಟ್ಟೆ ಒಗೆಯಬೇಡ. ದೇವರಾಜನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಈ ವಯಸ್ಸಿನಲ್ಲೂ ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಾನೆಂದು ಕೇಳಿ ಸಂಕಟವಾಯಿತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಓದುವ ಹುಡುಗ, ನನ್ನ ಕೈಯ ಮುದ್ದೆ ತಿಂದು ಬೆಳೆದವನು. ಇಲ್ಲಿ ನಿನ್ನ ಭಾವನಿಗೆ ಕಣ್ಣು ಮಂಜು. ಬಾಡಿಗೆ ಮನೆಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಗಟ್ಟಿಯಾಗಿಯೇ ಇದ್ದೇನೆ, ನಿದ್ದೆ ಒಂದು ಬಿಟ್ಟು.

ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ. ಅದಕ್ಕೆ ಬೇಜಾರಿಲ್ಲ. ಇಪ್ಪತ್ತೆರಡು ವರ್ಷ ಈ ಮನೆಯ ಹೊಸಲು ತುಳಿಯದವಳು ಒಂದು ಫೋನಿಗೆ ಯಾಕೆ ಕರಗಬೇಕು? ಆದರೆ ಕಾಗದ ಬಂದರೆ ಓದದೆ ಹರಿಯುವವಳಲ್ಲ ನೀನು. ಅಂಗಡಿಯಿಂದ ಕಡಲೆಬೀಜ ಕಟ್ಟಿಕೊಂಡು ಬಂದ ಪೇಪರನ್ನೂ ಬಿಡಿಸಿ ಓದುತ್ತಿದ್ದೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ ಅನ್ನುತ್ತಿದ್ದೆಯಲ್ಲ, ಈಗ ಕೈಯೂ ನಡುಗುತ್ತದೆ, ಸಾವಕಾಶವಾಗಿ ಓದು.

ಹಿತ್ತಲಿನ ಸುದ್ದಿ ಹೇಳಬೇಕು. ಮನೆಗಳನ್ನು ಕಟ್ಟಿಸಿದ ಮೇಲೆ ಹಿಂದುಗಡೆ ಹತ್ತು ಗುಂಟೆ ಹಾಗೇ ಉಳಿದಿತ್ತು. ಕಟ್ಟಡದ ಕಲ್ಲುಮಣ್ಣು, ಒಡೆದ ಕಮೋಡು, ಗಾಜು ಎಲ್ಲವನ್ನೂ ಅಲ್ಲಿಗೇ ಸುರಿಯುತ್ತಿದ್ದರು. ಕೊರೋನಾ ಬಂದ ವರ್ಷ ಕಾರ್ಖಾನೆಗಳು ಮುಚ್ಚಿದಾಗ ನಮ್ಮ ಬಾಡಿಗೆಯವರಲ್ಲಿ ಅರ್ಧ ಜನ ಊರಿಗೆ ಹೊರಟುಹೋದರು, ಉಳಿದವರು ಅನ್ನಕ್ಕೆ ಉಪ್ಪು ಕಲಸಿಕೊಂಡು ತಿಂದರು. ನಾಲ್ಕನೇ ಮನೆಯ ಮಹಾದೇವಿ ಯಾದಗಿರಿ ಕಡೆಯವಳು, ಗಂಡ ಯಂಕಪ್ಪ ಗಾರೆ ಕೆಲಸದವನು. ಅವಳು ಒಂದು ದಿನ ಬಂದು, “ಅಕ್ಕೋರೇ, ಹಿಂದಿನ ಜಾಗಾ ಹಂಗಾ ಬಿದ್ದದಲ್ರೀ, ನಾಕು ಕಾಳು ಪುಂಡಿಪಲ್ಯ ಚೆಲ್ಲಲೇನ್ರಿ?” ಎಂದಳು. ಚೆಲ್ಲಿಕೋ ಎಂದೆ. ಅವಳು ನಾಲ್ಕು ಕಾಳಿಗೆ ನಿಲ್ಲುವವಳೇ? ತಿಂಗಳೊಳಗೆ ಏಳೆಂಟು ಹೆಂಗಸರು ಸೇರಿ ಗಾಜು ಆಯ್ದು, ಕಲ್ಲು ಹೊತ್ತು ಹಾಕಿ ಮಡಿ ಮಾಡಿದರು. ಹರಿವೆ, ಮೆಂತ್ಯ, ಹೀರೆ, ಬದನೆ, ಬೇಲಿಗೆ ನುಗ್ಗೆ. ಈಗ ಹದಿನಾಲ್ಕು ಮನೆಯವರು ಇದ್ದಾರೆ. ಬೀಜವನ್ನು ಬೂದಿಗೆ ಕಲಸಿ ಡಬ್ಬಿಗಳಲ್ಲಿ ಇಟ್ಟುಕೊಳ್ಳುತ್ತಾರೆ, ಹೊರಗಿಂದ ತರುವುದಿಲ್ಲ. ಕಿತ್ತಿದ್ದರಲ್ಲಿ ಮೊದಲ ಪಾಲು ಬಸುರಿ ಇರುವ ಮನೆಗೆ, ಆಮೇಲೆ ಕೆಲಸ ಹೋದವರ ಮನೆಗೆ, ಆಮೇಲೆ ಉಳಿದವರಿಗೆ. ಹೆಚ್ಚಾದರೆ ಅಂಗನವಾಡಿಗೆ. ನಾವು ಬೇಸಾಯದ ಮನೆತನ ಅಂತ ಹೇಳಿಕೊಳ್ಳುತ್ತೇವೆ, ಆದರೆ ಈ ಮಣ್ಣನ್ನು ಮತ್ತೆ ಮಣ್ಣು ಮಾಡಿದವರು ಬಾಡಿಗೆಗೆ ಬಂದವರು.

ನಿನಗೆ ಈ ಜಾಗ ಗೊತ್ತು. ನಾನು ಯಾಕೆ ಸುತ್ತಿ ಬಳಸಿ ಬರೆಯುತ್ತಿದ್ದೇನೆ ಎಂಬುದೂ ಗೊತ್ತಾಗಿರಬೇಕು.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ನಿಂತುಹೋಯಿತು. ಟ್ಯಾಂಕರ್ ನೀರು ಕುಡಿಯುವುದಕ್ಕೇ ಸಾಲದು, ಗಿಡಕ್ಕೆ ಯಾರು ಹಾಕುತ್ತಾರೆ? ಹೆಂಗಸರು ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಹಾಕಿದರು. ಆದರೂ ಮಡಿಗಳು ಒಂದೊಂದಾಗಿ ಸುಟ್ಟುಹೋದವು. ಅದೇ ತಿಂಗಳು ಒಂದು ಗಾರ್ಮೆಂಟ್ಸ್ ಮುಚ್ಚಿ ನಮ್ಮ ಮೂರು ಮನೆಯ ಹೆಂಗಸರಿಗೆ ಕೆಲಸ ಹೋಯಿತು. ಆ ಮೂರು ಮನೆಯ ಒಲೆ ಆ ಸೊಪ್ಪಿನ ಮೇಲೆಯೇ ನಿಂತಿತ್ತು. ಆಗ ಮಹಾದೇವಿ ಹುಣಸೆಮರದ ಕೆಳಗಿನ ಚಪ್ಪಡಿ ಕಲ್ಲುಗಳನ್ನು ತೋರಿಸಿ, “ಇದರ ಬುಡಕ ಏನದರೀ ಅಕ್ಕೋರೇ?” ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅವಳು ನಂಬಲಿಲ್ಲ. ಕಲ್ಲಿನ ಸಂದಿಯಲ್ಲಿ ಒಂದು ಹರಳು ಹಾಕಿ, ಅದು ನೀರಿಗೆ ಬಿದ್ದ ಸದ್ದು ಕೇಳಿಸಿಕೊಂಡು, ಮತ್ತೆ ನನ್ನ ಮುಖ ನೋಡಿದಳು.

ಒಂದು ತಿಂಗಳು ನಾನು ಬಾಯಿ ಬಿಡಲಿಲ್ಲ. ಕೊನೆಗೆ ಏಳನೇ ಮನೆಯ ಬಸುರಿ ಹೆಂಗಸು ತಲೆ ತಿರುಗಿ ಬಿದ್ದ ದಿನ ನಿನ್ನ ಭಾವನಿಗೆ ಹೇಳಿದೆ, ಬಾವಿ ತೆಗೆಸೋಣ ಎಂದು. ಅವರು, “ನಿನ್ನಿಷ್ಟ. ನಾನು ಆ ಕಡೀಕೆ ಬರಾಕಿಲ್ಲ. ದೇವರಾಜಂಗೆ ಹೇಳ್ಬ್ಯಾಡ,” ಎಂದರು. ಯಂಕಪ್ಪ ಊರಲ್ಲಿ ಬಾವಿ ತೋಡಿ ಗೊತ್ತಿದ್ದವನು. ಅವನೂ ಇನ್ನು ನಾಲ್ವರೂ ಸೇರಿ ಮೂರು ಭಾನುವಾರ ಹಗ್ಗ ಕಟ್ಟಿಕೊಂಡು ಇಳಿದು ಹೂಳೆತ್ತಿದರು. ಮೇಲೆ ಬಂದ ಒಂದೊಂದು ಬುಟ್ಟಿಯನ್ನೂ ನಾನು ಕೈಯಿಂದ ಕೆದಕಿ ನೋಡಿದೆ, ವನಜಾ. ಏನನ್ನು ಹುಡುಕುತ್ತಿದ್ದೆನೋ ನನಗೇ ತಿಳಿಯದು. ಪೊಲೀಸರು ಬಂದು, ನಿನ್ನ ಮಗುವನ್ನು ಮೇಲೆತ್ತಿ, ಎಲ್ಲ ಮುಗಿದು ಎಷ್ಟು ವರ್ಷವಾಯಿತು. ಸಿಕ್ಕಿದ್ದು ಒಂದು ತಾಮ್ರದ ಚೊಂಬು, ಎರಡು ಲೋಟ, ಹಗ್ಗದ ಚೂರು. ಹೇಮಾಳದು ಏನೂ ಇರಲಿಲ್ಲ. ಏನೂ ಇಲ್ಲದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ನೀರು ಬಂತು. ಸಿಹಿನೀರು. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿಸಿದೆ, ಕೀಲಿ ನನ್ನ ಸೊಂಟದಲ್ಲೇ ಇರುತ್ತದೆ. ಹೂಳನ್ನು ಮಡಿಗಳಿಗೆ ಹರಡಿದರು. ಆ ಮಳೆಗಾಲದಲ್ಲಿ ಹರಿವೆ ಬಂದ ಚಂದ ನಾನು ಈ ಊರಲ್ಲಿ ಕಂಡಿರಲಿಲ್ಲ. ಅಂಗೈ ಅಗಲದ ಎಲೆ, ಕೆಂಪು ದಂಟು. ಪ್ರತಿ ಮಂಗಳವಾರ ಒಂದು ಕಟ್ಟು ನನ್ನ ಬಾಗಿಲಿಗೆ ಬರುತ್ತದೆ. ಹೆಚ್ಚಿ, ಒಗ್ಗರಣೆ ಹಾಕಿ, ನಿನ್ನ ಭಾವನಿಗೆ ಬಡಿಸುತ್ತೇನೆ. ನಾನು ಒಂದು ತುತ್ತೂ ತಿಂದಿಲ್ಲ. ಒಲೆಯ ಮುಂದೆ ನಿಂತಾಗ ಹಿಂದಿನಿಂದ ಯಾರೋ ನನ್ನ ಸೆರಗನ್ನು ಎರಡು ಸಲ ಜಗ್ಗಿದಂತಾಗುತ್ತದೆ. ಜೋರಾಗಿ ಅಲ್ಲ, ಮಕ್ಕಳು ಜಗ್ಗುವ ಹಾಗೆ. ಮೊದಮೊದಲು ತಿರುಗಿ ನೋಡುತ್ತಿದ್ದೆ. ಈಗ ನೋಡುವುದಿಲ್ಲ. ಬಾಣಲೆ ಸೀದು ಹೋದರೂ ಹಾಗೇ ನಿಂತಿರುತ್ತೇನೆ.

ಹದಿನೈದು ದಿನದ ಹಿಂದೆ ಮಹಾದೇವಿಯ ಮಗಳು, ಐದು ವರ್ಷದವಳು, ಅಡಿಗೆಮನೆಗೆ ಓಡಿ ಬಂದು, “ಅಮ್ಮಾ, ನಮ್ಮವ್ವ ಎಲ್ಲದಾಳ?” ಎಂದಳು. ಮಹಾದೇವಿ ಬಾವಿಯ ಹತ್ತಿರವೇ ಇದ್ದಳು, ನೀರು ಸೇದಲು ಆಗತಾನೆ ಕೀಲಿ ತೆಗೆದುಕೊಂಡು ಹೋಗಿದ್ದಳು. ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮಗುವಿನ ಕೈ ಹಿಡಿದುಕೊಂಡೆ. ಬಿಡಲಾಗಲಿಲ್ಲ. ಅವಳು ಕೊಸರಿದಳು, ಅತ್ತಳು, ನಾನು ಇನ್ನೂ ಬಿಗಿ ಹಿಡಿದೆ. ಅಳು ಕೇಳಿ ಮಹಾದೇವಿ ಓಡಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಗುವಿನ ಮಣಿಕಟ್ಟು ಕೆಂಪಾಗಿತ್ತು. ಅವಳು ಬೈಯಲಿಲ್ಲ. ಮಗುವನ್ನು ಮನೆಗೆ ಬಿಟ್ಟು, ಬಾವಿಗೆ ಬೀಗ ಹಾಕಿ ಬಂದು ನನ್ನ ಎದುರು ನೆಲದ ಮೇಲೆ ಕೂತಳು. ಆಗ ಅವಳಿಗೆ ಎಲ್ಲ ಹೇಳಿದೆ. ಎಲ್ಲ ಕೇಳಿ, “ನನಗ್ಯಾಕ ಹೇಳ್ತೀರಿ ಅಕ್ಕೋರೇ? ಇದನ್ನ ಕೇಳಬೇಕಾದಾಕಿ ಲಗ್ಗೆರ್ಯಾಗ ಅದಾಳ,” ಎಂದಳು. ಎದ್ದು ಹೋದಳು. ಅವತ್ತಿನಿಂದ ಈ ಕಾಗದವನ್ನು ಬರೆದು ಹರಿದು ಬರೆಯುತ್ತಿದ್ದೇನೆ.

ಹೇಮಾಳನ್ನು ಕಳೆದುಕೊಂಡ ಆ ದಿನ ವರಮಹಾಲಕ್ಷ್ಮಿ ಹಬ್ಬ. ನೀನು ಬೆಳಿಗ್ಗೆ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಜ್ವರ ಬಂದು ಒಳಕೋಣೆಗೆ ಹೋಗಿ ಮಲಗಿದ್ದು ನನಗೆ ಗೊತ್ತಿರಲಿಲ್ಲ. ನಾನು ಒಬ್ಬಟ್ಟು ಬೇಯಿಸುತ್ತಿದ್ದೆ, ಹೆಂಚು ಕಾದಿತ್ತು. ಹೇಮಾ ಬಂದು ನನ್ನ ಸೆರಗು ಜಗ್ಗಿ, “ದೊಡ್ಡಮ್ಮಾ, ಅಮ್ಮ ಎಲ್ಲಿ?” ಎಂದಳು. ನಾನು ಸುಮ್ಮನಿದ್ದೆ. ಮತ್ತೆ ಜಗ್ಗಿದಳು. ತಿರುಗಿಯೂ ನೋಡದೆ, “ಬಾವಿ ತಾವ ಅವ್ಳೆ, ಓಗಮ್ಮ,” ಎಂದುಬಿಟ್ಟೆ. ಅವಳು ಹೋದಳು.

ಅತ್ತೆ ನಿನ್ನನ್ನು ಏನೆಲ್ಲ ಅಂದರು. ಮಗುವನ್ನು ಬಾವಿಗೆ ಬಿಟ್ಟು ಮಲಗಿದವಳು ಎಂದು ಊರೆಲ್ಲ ಆಡಿತು. ನೀನು ಮಾತ್ರ ಒಂದೇ ಮಾತು ಕೇಳುತ್ತಿದ್ದೆ: “ಅವಳಿಗೆ ಬಾವಿ ಅಂದ್ರೆ ಭಯ ಅಕ್ಕಾ, ಒಬ್ಳೇ ಯಾಕೋದ್ಲು?” ನನ್ನ ಎರಡೂ ಕೈ ಹಿಡಿದು ಕೇಳಿದೆ. ನಾನು “ಗೊತ್ತಿಲ್ಲ ಕಣೆ” ಎಂದೆ. ಅವತ್ತು ಹೇಳಿದ್ದರೆ ಹೇಮಾ ಬರುತ್ತಿರಲಿಲ್ಲ, ಆದರೆ ನೀನು ಹಾಗೆ ತಲೆ ತಗ್ಗಿಸಿಕೊಂಡು ಈ ಮನೆ ಬಿಡುತ್ತಿರಲಿಲ್ಲ. ಅತ್ತೆ ಸಾಯುವಾಗಲೂ ಹೇಳಲಿಲ್ಲ. ನಿನ್ನ ಭಾವನಿಗೆ ನಿನ್ನೆ ಹೇಳಿದೆ. ಕೇಳಿದವರು ಕುರ್ಚಿಯಿಂದ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ರಾತ್ರಿ ಊಟ ಮಾಡಲಿಲ್ಲ. ದೇವರಾಜನಿಗೆ ಅವರೇ ಹೇಳುತ್ತಾರಂತೆ, ಮೊದಲು ನೀನು ತಿಳಿಯಬೇಕಂತೆ.

ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ. ಒಂದು ಮಾತ್ರ ಕೇಳಬೇಕು. ನಿನ್ನ ಒಪ್ಪಿಗೆಯಿಲ್ಲದೆ ಆ ಬಾವಿ ತೆಗೆಸಿದೆ. ನೀನು ಮುಚ್ಚು ಎಂದರೆ ಮುಚ್ಚಿಸುತ್ತೇನೆ. ಹೆಂಗಸರನ್ನು ಕೂರಿಸಿ ಇದನ್ನೂ ಹೇಳಿದೆ. ಹದಿನಾಲ್ಕು ಮನೆಯವರಲ್ಲಿ ಒಬ್ಬರೂ ಎದುರು ಮಾತಾಡಲಿಲ್ಲ. ಕೆಲಸ ಹೋದವರಲ್ಲಿ ಒಬ್ಬಳು ಅಳುತ್ತ ಎದ್ದು ಹೋದಳು, ಅಷ್ಟೆ. “ಆ ತಾಯಿ ಏನಂತಾಳೋ ಅದಾ ಆಗ್ಲಿ,” ಎಂದಳು ಮಹಾದೇವಿ. ನೀನು ಏನು ಹೇಳಬೇಕೆಂದು ನಾನು ಹೇಳಲಾರೆ.

ಲಗ್ಗೆರೆಗೆ ಹೋದ ಮೇಲೆ ಹುಟ್ಟಿದ ಮಂಜುಶ್ರೀಯನ್ನು ಒಂದು ದಿನವೂ ಎತ್ತಿ ಆಡಿಸಲಿಲ್ಲ ನಾನು. ಅವಳು ಕಾಲೇಜು ಚೆನ್ನಾಗಿ ಮುಗಿಸಲಿ, ದೊಡ್ಡಮ್ಮನ ಹರಕೆ ಎಂದು ಹೇಳು. ಹೇಳಬೇಕೆನಿಸದಿದ್ದರೆ ಬೇಡ. ದೇವರಾಜ ಮಾತ್ರೆ ತಪ್ಪಿಸದಿರಲಿ. ನಿನಗೆ ತಾಯಿ ಚೌಡಮ್ಮ ನೆಮ್ಮದಿ ಕೊಡಲಿ.

ಅಕ್ಕ ಎನಿಸಿಕೊಂಡ
ನಾಗಲಕ್ಷ್ಮಮ್ಮ

ಮತ್ತೆ: ಅಂಚೆಗೆ ಹಾಕಲು ಧೈರ್ಯ ಬರಲಿಲ್ಲ, ಕಳೆದುಹೋದರೆ ಇನ್ನೊಮ್ಮೆ ಬರೆಯಲಾರೆ. ಈಗ ನಿನ್ನ ಬಾಗಿಲಲ್ಲಿ ನಿಂತು ಇದನ್ನು ಕೊಟ್ಟವಳೇ ಮಹಾದೇವಿ. ಅವಳಿಗೆ ಒಂದು ಲೋಟ ನೀರು ಕೊಡು, ಎರಡು ಬಸ್ಸು ಬದಲಾಯಿಸಿ ಬಂದಿದ್ದಾಳೆ. ನಾನೂ ಬಂದಿದ್ದೇನೆ, ವನಜಾ. ನಿಮ್ಮ ಬೀದಿಯ ತಿರುವಿನಲ್ಲಿ ಹಿಟ್ಟಿನ ಗಿರಣಿಯ ಜಗಲಿಯ ಮೇಲೆ ಕೂತು ಈ ನಾಲ್ಕು ಸಾಲು ಗೀಚುತ್ತಿದ್ದೇನೆ. ಒಳಗೆ ಕರೆಯಬೇಕಾಗಿಲ್ಲ. ಬೈಯುವುದಕ್ಕಾದರೂ ಬಾ. ಸಂಜೆ ಗಿರಣಿ ಬಾಗಿಲು ಹಾಕುವವರೆಗೆ ಇಲ್ಲೇ ಇರುತ್ತೇನೆ.