ದಾದಾ ಅಂದದ್ದು, ನಾನು ಹೇಳಿದ್ದು

ಉಟಗಿ, ತಾ. ಜತ್ತ
ನವೆಂಬರ್ 15, ಶುಕ್ರವಾರ

ಪ್ರೀತಿಯ ಸೋನಾಲಿ,

ನೀನು ನನ್ನ ನಂಬರ್ ಬ್ಲಾಕ್ ಮಾಡಿರುವುದರಿಂದ ಕಾಗದ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಮತದಾನ ಮುಗಿದ ಮೇಲೆ ನಿನ್ನ ಕೈ ಸೇರೀತು. ಅದಕ್ಕೇ ನಿಮ್ಮ ಶೇಗಾಂವಕ್ಕೆ ಹೊರಟಿರುವ ವಿಜಯಕುಮಾರ ಮಾಮನ ಕೈಯಲ್ಲಿ ಕೊಡುತ್ತೇನೆ. ಒಂದೇ ವಿನಂತಿ. ಬುಧವಾರ ನಮ್ಮೂರಲ್ಲಿ ನಡೆದ ಸಭೆಯ ವಿಡಿಯೋ ನಿನಗೂ ಬಂದಿರುತ್ತದೆ. ಇದನ್ನು ಓದಿ ಮುಗಿಸುವವರೆಗೆ ಅದನ್ನು ತೆರೆಯಬೇಡ.

ಮೊದಲು ರಾಜಕೀಯ. ನೀನು ಬೈದರೂ ನಾನು ಹೇಳುವವಳೇ. ಈ ಸಲ ವಿಧಾನಸಭೆಗೆ ನಮ್ಮ ಪಕ್ಷದ ದಾದಾನೇ ಆರಿಸಿ ಬರಬೇಕು. ಎದುರಿನವನ ಪ್ರಚಾರ ನೀನು ನೋಡಬೇಕಿತ್ತು! ಐದು ವರ್ಷದ ಹಿಂದೆ ತಾನೇ ತೆಂಗಿನಕಾಯಿ ಒಡೆದು ಪೂಜೆ ಮಾಡಿದ ರಸ್ತೆಯ ಮೇಲೆ ನಿಂತು, ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಎಲ್ಲಿಗೂ ಹೋಗುವುದಿಲ್ಲ, ಅರ್ಧಕ್ಕೇ ನಿಂತಿದೆ. ಅವನ ಜೀಪಿನಲ್ಲಿ ಕೊಳಲು, ತಬಲಾ, ಕೋರಸ್ ಎಲ್ಲಾ ಇರುವ ಹಾಡು. ಸಿಟ್ಟು ಮಾತ್ರ ಇಲ್ಲ. ನಮ್ಮ ಜೀಪಿನ ಭೋಂಗಾ ಸ್ಪೀಕರು ಹರಿದು ಹೋಗಿದೆ, ನನ್ನ ದನಿ ಅದರಿಂದ ಕರಕರ ಎಂದು ಬರುತ್ತದೆ. ಮಿರಜಿನ ಗ್ಯಾರೇಜಿನಲ್ಲಿ ನಮ್ಮ ಪಂಕ್ ರಾಕ್ ಬ್ಯಾಂಡಿನ ಕಲ್ಮೇಶ ಸ್ಪೀಕರಿಗೆ ಬ್ಲೇಡು ಎಳೆದು, 'ಪಂಕ್ ಅಂದ್ರ ಇದ ನೋಡ್ರಿ' ಎಂದು ಗಿಟಾರಿನಿಂದ ತೆಗೆದಿದ್ದನಲ್ಲ, ಅದೇ ದನಿ. ಇಲ್ಲಿ ಪುಕ್ಕಟೆ ಸಿಗುತ್ತದೆ. ಹಳ್ಳಿ ಹಳ್ಳಿ ತಿರುಗಿ ಅವನ ಬಣ್ಣ ಬಯಲು ಮಾಡುವಾಗ, ನಾನು ಇನ್ನೂ ನಮ್ಮ ಬ್ಯಾಂಡಿನಲ್ಲೇ ಇದ್ದೇನೆ, ನೀನು ಹಿಂದೆ ಡ್ರಮ್ ಬಾರಿಸುತ್ತಿದ್ದೀ ಎಂದೇ ಅನಿಸುತ್ತಿತ್ತು. ಬುಧವಾರದವರೆಗೆ.

ಮರಾಠಿ ಸೀಮೆಯಲ್ಲಿರುವ ನಮ್ಮ ಕನ್ನಡ ಹಳ್ಳಿಗಳ ಸಭೆಗಳ ರೂಢಿ ನಿನಗೆ ಗೊತ್ತು. ನಾಯಕರು ಮರಾಠಿಯಲ್ಲಿ ಒಂದು ಮಾತು ಹೇಳಿ ನಿಲ್ಲಿಸುತ್ತಾರೆ, ಊರಿನವರು ಒಬ್ಬರು ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಅರ್ಥವಾಗಲಿ ಎಂದಲ್ಲ, ಮರ್ಯಾದೆಗೆ. ಬ್ಯಾಂಕು, ತಹಸೀಲ ಕಚೇರಿ, ಜತ್ತದ ಸಂತೆ, ಎಲ್ಲಾ ಕಡೆ ಮರಾಠಿಯಲ್ಲೇ ವ್ಯವಹಾರ ಮಾಡುವ ಉಟಗಿಯಲ್ಲಿ ಮರಾಠಿ ತಿಳಿಯದವರು ಯಾರಿದ್ದಾರೆ? ಆದರೂ ಕನ್ನಡದ ಮಾತಿಗೇ ಚಪ್ಪಾಳೆ ಬೀಳುತ್ತದೆ. ದಾದಾನ ಮಾತನ್ನು ಕನ್ನಡದಲ್ಲಿ ಹೇಳುವವಳು ನಾನು, ಆ ಚಪ್ಪಾಳೆ ನನ್ನ ತಲೆಗೇರಿತ್ತು.

ಬುಧವಾರ ದಾದಾ ನೀರಿನ ಬಗ್ಗೆ, ಬಸ್ಸಿನ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಆಮೇಲೆ ವೇದಿಕೆಯ ಮೇಲೆ ಕುಳಿತವರ ಕಡೆ ತಿರುಗಿ, ಕೈಯಲ್ಲಿ ಮೈಕು ಇರುವುದನ್ನೂ ಮರೆತು, ನಗುತ್ತಾ ಮರಾಠಿಯಲ್ಲಿ ಒಂದು ಮಾತು ಅಂದರು. ಈ ಗಡಿ ಮಂದಿಯದೇನು, ಇವತ್ತು ಈ ಕಡೆ, ನಾಳೆ ಆ ಕಡೆ. ಒಂದೊಂದು ಕಪ್ ಚಹಾ ಕುಡಿಸಿದರೆ ಎಲ್ಲರೂ ನಮ್ಮವರೇ, ಎಂದರು. ವೇದಿಕೆಯವರೆಲ್ಲ ನಕ್ಕರು. ದಾದಾ ಅಭ್ಯಾಸಬಲದಿಂದ ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ಊರೆಲ್ಲ ನನ್ನ ಕಡೆ ನೋಡಿತು.

ನಾನು ಸುಮ್ಮನಿರಬಹುದಿತ್ತು ಸೋನಾಲಿ. ಸುಮ್ಮನಿರಲಿಲ್ಲ. 'ನಿಮ್ಮೂರಾಗ ಒಂದ ಕಪ್ ಚಾ ಕುಡದ್ರ ಸಾಕು, ಸಾಯೂತನಕ ನಾ ನಿಮ್ಮವನ ಅಂತಾರ್ರಿ ದಾದಾ!' ಎಂದು ಕೂಗಿದೆ.

ಮುಂದೆ ಕುಳಿತಿದ್ದ ಶಂಕರಲಿಂಗ ಕಾಕಾ ನಿಧಾನವಾಗಿ ಚಪ್ಪಾಳೆ ತಟ್ಟತೊಡಗಿದ. ದಾದಾನ ಕಡೆ ಅಲ್ಲ, ನನ್ನ ಕಡೆ ನೋಡುತ್ತಾ. ಆಮೇಲೆ ಎಲ್ಲರೂ ತಟ್ಟಿದರು. ಅವರೇನೂ ಮೋಸ ಹೋಗಿರಲಿಲ್ಲ. ನಮ್ಮ ಹುಡುಗಿ ಎಡವಿದ್ದಾಳೆ, ನಾಲ್ಕು ಮಂದಿಯ ಎದುರು ಬೀಳುವುದು ಬೇಡ ಎಂದು ಹಿಡಿದುಕೊಂಡರು, ಅಷ್ಟೇ. ಅವರು ಚಪ್ಪಲಿ ಎಸೆದಿದ್ದರೆ ನಾನು ತಲೆಯೆತ್ತಿ ನಿಲ್ಲುತ್ತಿದ್ದೆ. ಆ ಚಪ್ಪಾಳೆಗೆ ತಲೆ ತಗ್ಗಿತು.

ಮನೆಗೆ ಬಂದರೆ ಅವ್ವ ಚಹಾ ಸೋಸಿ ನನ್ನ ಮುಂದಿಟ್ಟು, 'ತಗೋ, ಕುಡಿ. ನೀನೂ ನಮ್ಮಾಕಿ ಆಗ್ತಿ' ಎಂದಳು. ಬೈದಂತೆಯೂ ಅಲ್ಲ, ನಕ್ಕಂತೆಯೂ ಅಲ್ಲ. ಅಂದಿನಿಂದ ನಾನು ಚಹಾ ಮುಟ್ಟಿಲ್ಲ.

ನಮ್ಮ ಹಾಡು ನೆನಪಿದೆಯೇ? 'ಬರ್ರಿ, ಕುಂದ್ರಿ, ಚಾ ಕುಡೀರಿ! ಸುಳ್ಳ ಹೇಳ್ರಿ, ಎದ್ದ ಹೋಗ್ರಿ!' ಮೂರೇ ಸ್ವರ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ಇಂಥ ನಾಯಕರಿಗೆಂದೇ ಕಟ್ಟಿದ ಹಾಡು ಅದು. ನಾನು ಅಂಥವರ ಪಕ್ಕದಲ್ಲಿ ನಿಂತು ಅವರ ಬಾಯಿ ತೊಳೆದುಕೊಟ್ಟೆ. ಯಾಕೆ ಎಂದು ನೀನು ಕೇಳುತ್ತೀ. ಬರುವ ಪಂಚಾಯತ್ ಸಮಿತಿ ಚುನಾವಣೆಯ ಟಿಕೆಟ್ ನನಗೇ ಎಂದು ದಾದಾ ಮಾತು ಕೊಟ್ಟಿದ್ದಾರೆ. ಕಾರಣ ಅದೇ. ನನ್ನನ್ನು ಬ್ಲಾಕ್ ಮಾಡಿದ ದಿನ ನೀನು ಇದನ್ನೇ ಹೇಳಿದ್ದಿ, 'ನಿನಗೆ ಹೊಟ್ಟೆಕಿಚ್ಚು' ಎಂದಿದ್ದೆ ನಾನು.

ರವಿವಾರ ಸನಮಡಿಯಲ್ಲಿ ಸಭೆ ಇದೆ. ಚಪ್ಪಾಳೆ ಬಿದ್ದದ್ದನ್ನು ಕಂಡ ದಾದಾ ನಿನ್ನೆ ಜೀಪಿನಲ್ಲಿ ನನ್ನ ಬೆನ್ನು ತಟ್ಟಿ, 'ಚಹಾದ ಮಾತನ್ನು ಅಲ್ಲಿಯೂ ಹೇಳುತ್ತೇನೆ, ನೀನು ಅದನ್ನು ಹಾಗೆಯೇ ಚಂದ ಮಾಡಿ ಕನ್ನಡಕ್ಕೆ ತಿರುಗಿಸು' ಎಂದರು. ಈ ಸಲ ಅವರು ಅಂದದ್ದನ್ನೇ ಕನ್ನಡದಲ್ಲಿ ಹೇಳಬೇಕೆಂದಿದ್ದೇನೆ. ಒಂದು ಶಬ್ದವನ್ನೂ ಬದಲಿಸದೆ. ಟಿಕೆಟ್ ಹೋಗುತ್ತದೆ. ಎದುರಿನವನಿಗೆ ಲಾಭವಾಗುತ್ತದೆ, ಅದಕ್ಕೂ ಹೊಟ್ಟೆ ಉರಿಯುತ್ತದೆ. ಆದರೆ ಮೈಕು ಕೈಗೆ ಬಂದರೆ ನನ್ನ ನಾಲಿಗೆ ತಾನಾಗಿಯೇ ಹೊರಳೀತು ಎಂಬ ಹೆದರಿಕೆ ನನಗಿದೆ. ನೀನು ಬಾ. ಎಸ್‌ಟಿ ಬಸ್ಸು ಹಿಡಿದು ಬಂದು ಮುಂದಿನ ಸಾಲಿನಲ್ಲಿ ನಿಲ್ಲು. ಡ್ರಮ್ ಬೇಡ. ನೀನು ನೋಡುತ್ತಿದ್ದರೆ ಸುಳ್ಳು ಹೇಳಲು ನನಗಾಗುವುದಿಲ್ಲ.

ಮುಖ ತೋರಿಸಲು ನಾಚುತ್ತಿರುವ ನಿನ್ನ
ನಂದಾ

ತಾ.ಕ.: ಈಗ ವಿಡಿಯೋ ನೋಡು. ದಾದಾ ಆ ಮಾತು ಅಂದಾಗ ವೇದಿಕೆಯವರೆಲ್ಲ ನಕ್ಕರು ಎಂದು ಬರೆದೆ. ಮೊದಲು ನಕ್ಕವರು ಯಾರು ಎಂದು ಬರೆಯಲಿಲ್ಲ. ಮೈಕಿನ ಪಕ್ಕದಲ್ಲಿ, ಹಸಿರು ಸೀರೆಯಲ್ಲಿ, ಬಾಯಿತುಂಬ ನಗುತ್ತಿರುವವಳು ನಾನೇ. ನನ್ನ ಎದುರಿಗೇ, ಮೊದಲ ಸಾಲಿನಲ್ಲಿ, ಅವ್ವ ಕುಳಿತಿದ್ದಳು.