ರೇಣು ಕಂಡ ಎರಡು ರೂಪಾಯಿ

೧೪ ನವೆಂಬರ್ ೨೦೨೪, ಗುರುವಾರ, ಬಿಬವೇವಾಡಿ

ರೇಣು ಹೇಳಿದ್ದೇ ಸರಿ. ಆ ಎರಡು ರೂಪಾಯಿ ನಾಣ್ಯದ ಇಸವಿ ಜೋಡಿಯಾಗಿ ಕಾಣುವುದು ಅಚ್ಚಿನಲ್ಲೇ ಇದ್ದ ದೋಷದಿಂದ. ಒತ್ತುವಾಗ ಯಂತ್ರ ಅಲುಗಿದ್ದರೆ ಎರಡನೆಯ ಗೆರೆ ಚಪ್ಪಟೆಯಾಗಿರುತ್ತಿತ್ತು; ಇದು ದುಂಡಗೆ ಉಬ್ಬಿದೆ. ಇವತ್ತು ಭೂತಗನ್ನಡಿ ಹಿಡಿದು ಕೊನೆಗೂ ನೋಡಿದೆ.

ಮೂರು ವರ್ಷದ ಹಿಂದೆ ನೋಡದೆಯೇ, "ಒತ್ತುವಾಗ ಯಂತ್ರ ಅಲುಗಿರ್ತದ, ಬಿಡು" ಅಂದಿದ್ದೆ.

"ಒಮ್ಮೆ ಸರಿಯಾಗಿ ನೋಡ್ರಿ, ನಾ ಏನ್ ಸುಳ್ಳ ಹೇಳಾಕತ್ತೀನೇನು?" ಅಂದಿದ್ದಳು.

ಅವಳ ಎಲ್ಲ ಮಾತಿಗೂ ಹಾಗೇ ಮಾಡಿದೆ. ಈಗ ಅವಳು ನನ್ನನ್ನು ಬಿಟ್ಟು ಇಂದಾಪುರದಲ್ಲಿ, ತವರಿನಲ್ಲಿ.

ನಾಣ್ಯ ಇಟ್ಟಿದ್ದ ಹಳೆಯ ಲಕೋಟೆಯ ಮೇಲೆ ನಾನೇ 'ದೋಷವಲ್ಲ' ಎಂದು ಬರೆದಿದ್ದೆ, ಅದನ್ನು ಹರಿದೆ. ಹೊಸದರ ಮೇಲೆ ನಮ್ಮ ನಾಣ್ಯ ಸಂಗ್ರಾಹಕರ ರೂಢಿಯಂತೆ ಬರೆದೆ: ಹಿಂಬದಿ, ಇಸವಿಯ ನಾಲ್ಕೂ ಅಂಕಿ ಜೋಡಿ, ಬಲಕ್ಕೆ ಸರಿದಿದೆ. ಮೊದಲು ಕಂಡವರು, ರೇಣು.

ಲಕೋಟೆಯ ಮೇಲೆ ಇನ್ನೊಂದು ವಿವರ ಉಳಿದಿದೆ. ಬರೆಯಲು ಕೈ ಬರುತ್ತಿಲ್ಲ: ಭೂತಗನ್ನಡಿ ಬೇಕಿಲ್ಲ, ಬರಿಗಣ್ಣಿಗೇ ಕಾಣುತ್ತದೆ.